ಆಯಿ ಹೇಳದ ಆಮೆನ್

ಆಸ್ಪತ್ರೆ ಸೇವೆಯ ತರಬೇತಿಯಲ್ಲಿ ಮೊದಲ ದಿನವೇ ಹೇಳಿಕೊಟ್ಟ ನಿಯಮ ಇದು: ರೋಗಿಯ ಹಾಸಿಗೆಯ ಹತ್ತಿರ ಪೆನ್ನು ಹೊರಗೆ ತೆಗೆಯಬಾರದು. ಮಾತು ಮುಗಿಸಿ, ವಾರ್ಡಿನಿಂದ ಹೊರಗೆ ಬಂದು, ಒಂದು ತಾಸಿನೊಳಗೆ ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆಯಬೇಕು. ಅವರು ಅಂದದ್ದು, ನಾವು ಅಂದದ್ದು, ಇಬ್ಬರೂ ಏನೂ ಅನ್ನದೆ ಕೂತದ್ದು. ಪಾಲಕನ, ಅಂದರೆ ಪಾಸ್ಟರನ, ಮಾತಿಗೆ ಪಾ ಒಂದು, ಪಾ ಎರಡು. ರೋಗಿಯ ಮಾತಿಗೆ ರೋ ಒಂದು, ರೋ ಎರಡು ಎಂದು ಅಂಕಿ ಹಾಕಬೇಕು. ಯಾರು ಎಲ್ಲಿ ಕೂತಿದ್ದರು, ಕೈ ಎಲ್ಲಿತ್ತು, ಕಣ್ಣು ಎತ್ತ ನೋಡುತ್ತಿತ್ತು ಅನ್ನುವುದೂ ಬರಬೇಕು. ನೆನಪಿಲ್ಲದ ಕಡೆ ‘ನೆನಪಿಲ್ಲ’ ಎಂದೇ ಬರೆಯಬೇಕು. ಹಾಳೆಯ ಬಲಕ್ಕೆ ಮೂರು ಬೆರಳು ಜಾಗ ಬಿಡಬೇಕು, ಅದು ಕಲಿಸುವವರ ಷರಾಕ್ಕೆ. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಅರ್ಧ ಪುಟ ‘ದೇವಶಾಸ್ತ್ರೀಯ ಚಿಂತನೆ’: ಈ ಭೇಟಿಯಲ್ಲಿ ದೇವರು ಎಲ್ಲಿದ್ದ?

ನಾನಾಗ ಕಮಲಾಪುರದ ಕ್ರೈಸ್ತ ಸಭೆಯ ಪಾಲಕ. ವಾರಕ್ಕೆ ಮೂರು ದಿನ ಬೆಳಿಗ್ಗೆಯ ಬಸ್ಸು ಹಿಡಿದು ಕಲಬುರಗಿಗೆ ಬರುತ್ತಿದ್ದೆ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ. ತರಗತಿ ನಡೆಯುತ್ತಿದ್ದದ್ದು ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಯ ಹಿಂದೆ ಒಂದು ಮಾಳಿಗೆಯ ಕೋಣೆಯಲ್ಲಿ. ಕೆಳಗೆ ಆಟೋದವರ ಗದ್ದಲ ಎಷ್ಟಿರುತ್ತಿತ್ತೆಂದರೆ ಮೌನ ಪ್ರಾರ್ಥನೆಯನ್ನೂ ಕೂಗಿ ಮಾಡಬೇಕು ಎಂದು ನಾವು ನಗುತ್ತಿದ್ದೆವು. ನಾವು ಐದು ಜನ ಪಾಲಕರು. ಕಲಿಸುವವರು ನಿವೃತ್ತರಾದ ಒಬ್ಬ ಹಿರಿಯ ಪಾಲಕಿ. ಮೃದುವಾಗಿ ಮಾತಾಡುವ, ಆದರೆ ಒಂದು ಅಕ್ಷರವನ್ನೂ ಬಿಡದ ಹೆಂಗಸು. ಅವರನ್ನು ನಾವೆಲ್ಲ ಮೇಡಂ ಅನ್ನುತ್ತಿದ್ದೆವು.

ನನ್ನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನಗೆ ಬಾಯಿ ಇದೆ. ನಾನು ಪ್ರಾರ್ಥನೆ ಮಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಪಾಸ್ಟರ್ ಪ್ರಾರ್ಥನಿ ಮಾಡಿದ್ರ ಕಲ್ಲೂ ಕರಗ್ತದ ಎಂದು ಊರಲ್ಲಿ ಅನ್ನುತ್ತಿದ್ದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ನಾನೂ ಉಬ್ಬಿದ್ದೆ. ತರಬೇತಿಗೆ ಬಂದದ್ದೂ ಕಲಿಯುವುದಕ್ಕಿಂತ ಹೆಚ್ಚಾಗಿ ಪ್ರಮಾಣಪತ್ರಕ್ಕೆ.

ಮೂರನೆಯ ತಿಂಗಳು ನಮ್ಮ ಸಭೆಯ ಆಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಆಯಿ ಅಂದರೆ ಸಾಕು, ಕಮಲಾಪುರದಲ್ಲಿ ಎಲ್ಲರಿಗೂ ಗೊತ್ತು. ಎಪ್ಪತ್ತು ದಾಟಿದ ವಿಧವೆ, ಅಕ್ಷರ ಬಾರದವರು, ನಲವತ್ತು ವರ್ಷ ಶುಕ್ರವಾರದ ಹೆಂಗಸರ ಪ್ರಾರ್ಥನೆ ನಡೆಸಿದವರು. ಯಾರ ಮನೆಯಲ್ಲಿ ಜ್ವರ, ಯಾರಿಗೆ ಹೆರಿಗೆ, ಯಾರ ಗಂಡ ಕುಡಿದು ಮಲಗಿದ್ದಾನೆ, ಎಲ್ಲ ಅವರಿಗೇ ಬಂದು ಹೇಳುವುದು. ಬರೆದಿಟ್ಟುಕೊಳ್ಳಲು ಬಾರದು, ಆದ್ದರಿಂದ ಒಬ್ಬೊಬ್ಬರ ಬೇಡಿಕೆಗೂ ಸೆರಗಿನ ಅಂಚಿನಲ್ಲಿ ಒಂದೊಂದು ಗಂಟು ಹಾಕಿಕೊಳ್ಳುತ್ತಿದ್ದರು. ಸಂಜೆ ಒಂದೊಂದೇ ಗಂಟು ಹಿಡಿದು ಪ್ರಾರ್ಥನೆ. ಕೆಲಸ ಆಯಿತೆಂದು ಬಂದು ಹೇಳಿದರೆ ಗಂಟು ಬಿಚ್ಚುತ್ತಿದ್ದರು. ನಾನು ಕಮಲಾಪುರಕ್ಕೆ ಬಂದ ವಾರವೇ ನನ್ನ ಹೆಸರಿಗೂ ಒಂದು ಗಂಟು ಬಿದ್ದಿತ್ತು. ಅದಕ್ಕೆ ಕಾರಣ ಕೇಳಿದರೆ ನಕ್ಕು ಸುಮ್ಮನಾಗಿದ್ದರು.

ಆಸ್ಪತ್ರೆಯಲ್ಲಿ ಅವರ ಕಾಲು ಬಾತಿದ್ದವು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹೃದಯ ದಣಿದಿದೆ, ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಮಗನಿಗೆ ಹೇಳಿದ್ದರು. ತರಗತಿ ಇಲ್ಲದ ಒಂದು ಬುಧವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಹೋದೆ. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ಆಯಿ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದರು. ನಾನು ಸ್ಟೂಲು ಎಳೆದುಕೊಂಡು ಕೂತು, ಆರಾಮ ಇದ್ದೀರಿಲ್ಲ ಆಯಿ ಎಂದು ಕೇಳಿದೆ. ಉತ್ತರವನ್ನು ನಾವೇ ಕೊಟ್ಟುಬಿಡುವ ಪ್ರಶ್ನೆ ಅದು. ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಶುಕ್ರವಾರ ಹೆಂಗಸರೆಲ್ಲ ನಿಮ್ಮನ್ನು ನೆನೆಸಿದರು ಅಂದೆ. ಅವರ ಕಣ್ಣು ಫ್ಯಾನಿನ ಮೇಲೇ ಇತ್ತು. ಹಾಗಾದರೆ ಪ್ರಾರ್ಥನೆ ಮಾಡೋಣ ಎಂದು ನಾನು ಎದ್ದು ನಿಂತೆ.

“ಪ್ರಾರ್ಥನಿ ಬ್ಯಾಡ್ರಿ, ಪಾಸ್ಟರಪ್ಪ.”

ದಣಿವಾಗಿದೆಯೇನೋ ಎಂದುಕೊಂಡು ಹಾಗೇ ಕೇಳಿದೆ.

“ದಣಿವಲ್ಲ. ಅಲ್ಲಿ ಯಾರೂ ಕೇಳಾಕತ್ತಿಲ್ಲ. ಭಾಳ ದಿನ ಆತು.” ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು, ಸೆರಗಿನ ಅಂಚನ್ನು ಬೆರಳಿನಲ್ಲಿ ಹುಡುಕುತ್ತ, “ಊರ ಮಂದಿ ಸಲುವಾಗಿ ಗಂಟು ಕಟ್ಟಿದ್ದೇ ಬಂತು. ಬಿಚ್ಚಾವ ಯಾರೂ ಇಲ್ಲ,” ಅಂದರು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಬಸ್ಸು ಹೋಯಿತು ಎಂದು ಹೇಳುವವರ ಮುಖದ ಹಾಗಿತ್ತು. ನನಗೆ ಮಾತ್ರ ಹೆದರಿಕೆಯಾಯಿತು. ಹೆದರಿಕೆ, ಸುಮ್ಮನೆ ಹೆದರಿಕೆ. ಈ ಮುದುಕಿಯೇ ಹೀಗಂದರೆ ಉಳಿದವರ ಗತಿ ಏನು, ನನ್ನ ಗತಿ ಏನು? ಹೆದರಿದಾಗ ನನ್ನ ಬಾಯಿ ಇನ್ನೂ ಚುರುಕಾಗುತ್ತದೆ. ಹಾಗೆ ಅನ್ನಬಾರದು ಆಯಿ, ಸೈತಾನ ನಿಮ್ಮನ್ನು ಕಾಡುತ್ತಿದ್ದಾನೆ ಎಂದು ಹೇಳಿ, ಅವರ ತಲೆಯ ಮೇಲೆ ಬಲಗೈ ಇಟ್ಟು, ಇಡೀ ವಾರ್ಡಿಗೆ ಕೇಳುವಂತೆ ಪ್ರಾರ್ಥನೆ ಶುರುಮಾಡಿದೆ.

ಆಯಿ ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ, ನನ್ನ ಮಣಿಕಟ್ಟು ಹಿಡಿದು, ನನ್ನ ಕೈಯನ್ನು ತಲೆಯ ಮೇಲಿಂದ ತೆಗೆದು ಮಂಚದ ಕಂಬಿಯ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಆಮೇಲೆ ಗೋಡೆಯ ಕಡೆಗೆ ಹೊರಳಿದರು. ನಾನು ಪ್ರಾರ್ಥನೆ ನಿಲ್ಲಿಸಲಿಲ್ಲ. ಕಂಬಿ ಹಿಡಿದುಕೊಂಡೇ, ಇನ್ನೂ ಎತ್ತರದ ದನಿಯಲ್ಲಿ, ಕೊನೆಯವರೆಗೂ ಮಾಡಿ, ಆಮೆನ್ ಅಂದೆ. ಆಯಿ ಅನ್ನಲಿಲ್ಲ. ಪಕ್ಕದ ಮಂಚದ ಹತ್ತಿರ ಕೂತಿದ್ದ, ಹಣೆಗೆ ವಿಭೂತಿ ಹಚ್ಚಿದ್ದ ಹೆಂಗಸೊಬ್ಬಳು ಕೈ ಮುಗಿದು, ಛಲೋ ಮಾಡಿದ್ರಿ ಎಂದು ನನಗೆ ಹೇಳಿದಳು. ಅದೊಂದನ್ನೇ ಸಮಾಧಾನ ಮಾಡಿಕೊಂಡು ಹೊರಗೆ ಬಂದೆ.

ಆಸ್ಪತ್ರೆಯ ಆವರಣದಲ್ಲಿ ಚಹದ ಅಂಗಡಿಯ ಪಕ್ಕ ಒಂದು ಕಲ್ಲಿನ ಬೆಂಚಿತ್ತು. ಅಲ್ಲಿ ಕೂತು ವರದಿ ಬರೆಯತೊಡಗಿದೆ. ಪಾ ಒಂದು, ಪಾ ಎರಡು, ಸರಾಗವಾಗಿ ಬಂತು. ‘ಪ್ರಾರ್ಥನೆ ಬೇಡ’ ಅನ್ನುವುದನ್ನು ಬರೆದೆ. ‘ಯಾರೂ ಕೇಳುತ್ತಿಲ್ಲ’ ಅನ್ನುವಲ್ಲಿ ಪೆನ್ನು ನಿಂತಿತು. ಅದರ ಬದಲು ‘ದಣಿವಾಗಿದೆ’ ಎಂದು ಬರೆದೆ. ಗಂಟಿನ ಮಾತು ಬಿಟ್ಟೆ. ‘ಪಾಲಕನು ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದನು’ ಎಂದು ಬರೆದು, ಅದರ ಕೆಳಗೆ, ಇಂದಿಗೂ ನನಗೆ ಅರ್ಥವಾಗದ ಸಲೀಸಿನಲ್ಲಿ, ‘ರೋಗಿ ಕಣ್ಣು ಮುಚ್ಚಿ ಆಮೆನ್ ಅಂದರು’ ಎಂದು ಬರೆದೆ. ಕಲಿಸುವವರ ಮುಂದೆ ಮಾನ ಹೋಗಬಾರದು ಅನ್ನುವುದು ಒಂದು ಕಾರಣ. ಆಯಿ ಹಾಗೆ ಅಂದದ್ದು ಹಾಳೆಯ ಮೇಲೆ ಉಳಿಯಬಾರದು ಅನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದಿತ್ತು ಎಂದು ಕೇಳಿದರೆ ಮೊದಲನೆಯದೇ. ಚಿಂತನೆಯ ಅರ್ಧ ಪುಟದಲ್ಲಿ, ಆ ಒಂದು ಪದದಲ್ಲಿ ದೇವರ ಸಾನ್ನಿಧ್ಯವಿತ್ತು ಎಂದು ಚೆಂದಾಗಿ ಬರೆದೆ.

ಗುರುವಾರ ಬೆಳಿಗ್ಗೆ ಆಯಿ ತೀರಿಕೊಂಡರು.

ಶುಕ್ರವಾರ ಕಮಲಾಪುರದಲ್ಲಿ ಮಣ್ಣು. ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಜಾತಿಯವರೂ ಬಾಗಿಲ ಹೊರಗೆ ನಿಂತಿದ್ದರು. ಪ್ರಸಂಗಕ್ಕೆ, ಅಂದರೆ ಪೀಠದಿಂದ ಮಾಡುವ ಉಪದೇಶಕ್ಕೆ, ನಾನು ಬೇರೇನೋ ತಯಾರು ಮಾಡಿಕೊಂಡಿದ್ದೆ. ಆದರೆ ಮಗ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದನ್ನು ಕಂಡು, ನಿಮ್ಮ ತಾಯಿಯ ಜೊತೆ ಕೊನೆಯ ಪ್ರಾರ್ಥನೆ ಮಾಡಿದವನು ನಾನು, ಅವರು ಕಣ್ಣು ಮುಚ್ಚಿ ಆಮೆನ್ ಅಂದರು ಎಂದುಬಿಟ್ಟೆ. ಹಾಳೆಯ ಮೇಲಿದ್ದ ಸುಳ್ಳು ಬಾಯಿಗೆ ಬಂದು ನೂರಾರು ಜನರ ಕಿವಿಗೆ ಹೋಯಿತು. ಹೆಂಗಸರು ಹೋ ಎಂದು ಅತ್ತರು. ಮಗ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

ವಾರದೊಳಗೆ ಅವನು ಸೂಪರ್ ಮಾರ್ಕೆಟ್ಟಿನಲ್ಲಿ ಫ್ಲೆಕ್ಸ್ ಮಾಡಿಸಿ ತಂದು ಚರ್ಚಿನ ಗೇಟಿಗೆ ಕಟ್ಟಿದ. ಆಯಿಯ ದೊಡ್ಡ ಫೋಟೋ, ಕೆಳಗೆ ‘ಆಮೆನ್ ಎನ್ನುತ್ತ ಕರ್ತನಲ್ಲಿ ನಿದ್ರಿಸಿದವರು’. ಚರ್ಚು ನಮಗೆ ಕೊಟ್ಟಿದ್ದ ಮನೆಯ ಕಿಟಕಿ ತೆರೆದರೆ ಎದುರಿಗೆ ಅದೇ. ಫೋಟೋದಲ್ಲಿ ಆಯಿ ನೇರವಾಗಿ ನೋಡುತ್ತಿದ್ದರು. ನಾನು ಆ ಕಿಟಕಿ ತೆರೆಯುವುದನ್ನೇ ಬಿಟ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ ಯಾವ ಮುದುಕಿಯನ್ನು ಕಂಡರೂ, ಈಗ ಇವಳು ಇತ್ತ ತಿರುಗುತ್ತಾಳೆ ಅನ್ನಿಸಿ ಎದ್ದು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಒಂದು ಭಾನುವಾರ ಕೂಸಿನ ದೀಕ್ಷಾಸ್ನಾನ. ನೀರು ಹಾಕಿ ತಲೆಯ ಮೇಲೆ ಕೈಯಿಟ್ಟೆ. ನನ್ನ ಮಣಿಕಟ್ಟನ್ನು ಯಾರೋ ಮೆಲ್ಲಗೆ ಹಿಡಿದು ಎತ್ತಿದ ಹಾಗಾಯಿತು. ಕೈ ತಾನೇ ಹಿಂದೆ ಬಂತು. ತಾಯಿ ಗಾಬರಿಯಾಗಿ ಕೂಸಿಗೆ ಏನಾದರೂ ಆಯಿತೇ ಎಂದು ನೋಡಿದಳು. ನೀರು ತಣ್ಣಗಿದೆ ಎಂದೆ. ಸುಳ್ಳು ಹೇಳುವುದು ಆ ತಿಂಗಳು ನನಗೆ ಬಹಳ ಸುಲಭವಾಗಿತ್ತು.

ತರಗತಿಯಲ್ಲಿ ವರದಿ ಓದುವ ಪಾಳಿ ನನ್ನದು ಬಂತು. ಅಲ್ಲಿನ ಪದ್ಧತಿ ಎಂದರೆ ವರದಿ ಬರೆದವನು ಪಾಲಕನ ಮಾತು ಓದಬೇಕು, ಇನ್ನೊಬ್ಬರು ರೋಗಿಯಾಗಿ ಕೂತು ರೋಗಿಯ ಮಾತು ಓದಬೇಕು. ಕೈ ಎಲ್ಲಿತ್ತೋ ಅಲ್ಲೇ ಇಡಬೇಕು. ತಾಜಸುಲ್ತಾನಪುರದ ಕಡೆಯ ಯುವ ಪಾಲಕನೊಬ್ಬ ಆಯಿಯಾಗಿ ಕುರ್ಚಿಯಲ್ಲಿ ಒರಗಿದ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಓದಿದೆ. ಅವನು ಆಮೆನ್ ಅಂದ. ಮುಗಿಯಿತು ಎಂದು ನಾನು ಹಾಳೆ ಮಡಿಸಿದೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಮ್ಮಾ, ಪ್ರಾರ್ಥನಿ ಶುರು ಆದಾಗ ನಿನ್ನ ಕೈ ಆಕಿ ತಲಿ ಮ್ಯಾಲ ಇತ್ತು. ಮುಗಿದಾಗ ಎಲ್ಲಿತ್ತು?”

ತಲೆಯ ಮೇಲೇ ಎಂದೆ. ಹಾಗಾದರೆ ಅದನ್ನು ಯಾವಾಗ ತೆಗೆದೆ, ಅದನ್ನೇಕೆ ಬರೆದಿಲ್ಲ ಎಂದು ಕೇಳಿದರು. ಉಳಿದ ಆರು ವರದಿಗಳಲ್ಲಿ ಪ್ರತಿಸಲವೂ ಬರೆದಿದ್ದೀಯಲ್ಲ ಎಂದೂ ಅಂದರು. ನಿಜ, ಬರೆದಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಬಲ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಿದ್ದೆ, ನನಗೇ ಗೊತ್ತಿಲ್ಲದೆ. ಅವರು ಅದನ್ನು ನೋಡಿದರು. ಕೆಳಗೆ ಒಂದು ಆಟೋದವನು ಸ್ಟೇಶನ್, ಸ್ಟೇಶನ್ ಎಂದು ಕೂಗುತ್ತಲೇ ಇದ್ದ. ಕೊನೆಗೆ ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ.

ಬೈಗುಳ ಬಿದ್ದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಹಾಳೆಯ ಬಲಗಡೆಯ ಜಾಗದಲ್ಲಿ ‘ಇದು ವರದಿಯಲ್ಲ, ಪ್ರಸಂಗ’ ಎಂದು ಬರೆದು, ಚಿಂತನೆಯ ಅರ್ಧ ಪುಟದ ಮೇಲೆ ಓರೆಗೆರೆ ಎಳೆದು, ನಡೆಯದ್ದರ ಮೇಲೆ ದೇವಶಾಸ್ತ್ರ ಕಟ್ಟಬಾರದು, ಮತ್ತೆ ಬರೆದುಕೊಂಡು ಬಾ ಎಂದು ವಾಪಸು ಕೊಟ್ಟರು. ಹೊಸದಾಗಿ ಬರೆಯಲು ಎರಡು ದಿನ ಹಿಡಿಯಿತು. ‘ಬಿಚ್ಚಾವ ಯಾರೂ ಇಲ್ಲ’ ಎಂದು ಆಯಿ ಅಂದಂತೆಯೇ ಬರೆದೆ. ಎರಡು ಪುಟ ತುಂಬಿದವು. ಚಿಂತನೆಯ ಜಾಗ ಮಾತ್ರ ಖಾಲಿ ಉಳಿಯಿತು. ದೇವರು ಎಲ್ಲಿದ್ದ? ನನ್ನ ಪ್ರಾರ್ಥನೆಯಲ್ಲಂತೂ ಇರಲಿಲ್ಲ.

ಆ ವಾರವೇ ನಮ್ಮ ಸಭೆಯ ಹೊಲಿಗೆಯ ಅಕ್ಕ ಬಂದಳು. ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಜಂಪರು ಹೊಲಿಯುವ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು. ಎರಡು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು, ಹತ್ತನೆಯ ತರಗತಿ ಓದುತ್ತಿದ್ದ ಹುಡುಗಿ, ಎಂಟು ದಿನದ ಜ್ವರದಲ್ಲಿ ಹೋಗಿದ್ದಳು. ಆ ಎಂಟೂ ದಿನ ಆಯಿ, ನಾನು, ಇಡೀ ಸಭೆ ಪ್ರಾರ್ಥನೆ ಮಾಡಿದ್ದೆವು. ಆಮೇಲೂ ಅವಳು ಚರ್ಚಿಗೆ ಬಂದು ಹಿಂದೆ ಕೂರುತ್ತಿದ್ದಳು. ಆಯಿಯ ಮಣ್ಣಿನ ನಂತರ ಬರುವುದನ್ನು ನಿಲ್ಲಿಸಿದ್ದಳು. ಸಭೆಯ ರಿಜಿಸ್ಟರಿನಿಂದ ತನ್ನ ಹೆಸರು ತೆಗೆಯಬೇಕು ಎಂದು ಕೇಳಲು ಬಂದಿದ್ದಳು. ಬೇರೆ ಸಭೆಗೆ ಸೇರುತ್ತೀರೇನು ಎಂದು ಕೇಳಿದೆ.

“ಎಲ್ಲಿಗೂ ಇಲ್ರಿ. ನನ್ನ ಬಾಯಾಗ ಒಂದು ಮಾತೂ ಬರಂಗಿಲ್ಲ. ಆಯಿ ಆಮೆನ್ ಅಂದು ಹೋದಳು ಅಂತ ನೀವ ಹೇಳಿದ್ರಿ. ಆಕಿಗೆ ಕೊಟ್ಟದ್ದು ದೇವರು ನನಗ ಕೊಟ್ಟಿಲ್ಲ ಅಂದ ಮ್ಯಾಲ ನಾ ಅಲ್ಲಿ ಕುಂತು ಏನ್ ಮಾಡ್ಲಿ?”

ಅವಳು ಅಳುತ್ತಿರಲಿಲ್ಲ. ಲೆಕ್ಕ ಮಾಡಿ ನೋಡಿ, ತಾನು ಹೊರಗಿನವಳು ಎಂದು ತೀರ್ಮಾನಿಸಿ ಬಂದಿದ್ದಳು. ಆ ತೀರ್ಮಾನಕ್ಕೆ ಆಧಾರ ನನ್ನ ಸುಳ್ಳು. ನಿಜ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು, ಹೇಳಲಾಗಲಿಲ್ಲ. ಭಾನುವಾರದ ತನಕ ತಡೆಯಿರಿ ಎಂದಷ್ಟೇ ಅಂದೆ. ಗೇಟಿನ ಹತ್ತಿರ ಅವಳು ಫ್ಲೆಕ್ಸಿನ ಮುಂದೆ ಸ್ವಲ್ಪ ಹೊತ್ತು ನಿಂತು ಹೋದಳು.

ಶುಕ್ರವಾರ ತರಗತಿ ಮುಗಿದ ಮೇಲೆ ಮೇಡಂ ಒಬ್ಬರೇ ಇದ್ದಾಗ ಹೊಸ ವರದಿ ಕೊಟ್ಟೆ. ಎರಡು ಸಲ ಓದಿದರು. ಚಿಂತನೆ ಬರೆಯಲು ಆಗಲಿಲ್ಲ ಎಂದೆ. ಆಯಿಯ ಮಾತನ್ನು ಸಭೆಗೆ ಹೇಳಿದರೆ ಸತ್ತವರ ಹೆಸರು ಕೆಡುತ್ತದೆ, ಹೇಳದಿದ್ದರೆ ಬದುಕಿರುವ ಒಬ್ಬಳು ಹೋಗುತ್ತಾಳೆ, ನಾನೇನು ಮಾಡಲಿ ಎಂದು ಕೇಳಿದೆ. ಅವರು ಕಿಟಕಿ ಮುಚ್ಚಿ ಬಂದು ಕೂತರು.

“ಶಿಲುಬಿ ಮ್ಯಾಲ ಕರ್ತ ಕೂಗಿದ್ದು ನೆನಪು ಮಾಡ್ಕೋ. ನನ್ನ ಕೈ ಯಾಕ ಬಿಟ್ಟಿ ಅಂತ ತಂದೀಗೆ ಕೇಳ್ದ. ಕೆಳಗ ನಿಂತವ್ರಿಗೆ ಅದು ನಾಚಿಕಿ ಮಾತು. ಅಳಿಸಿ ಛಂದ ಮಾಡಿ ಬರೀಬಹುದಿತ್ತು. ಸುವಾರ್ತಿ ಬರದವ್ರು ಅಳಿಸಲಿಲ್ಲ ನೋಡು. ಅವ ತನ್ನ ಮನಿ ಮಾತಿನಾಗ ಹ್ಯಾಂಗ ಕೂಗಿದ್ನೋ ಹಂಗೇ ಇಟ್ರು.”

ಇಷ್ಟೇ ಹೇಳಿ ವರದಿ ನನ್ನ ಕೈಗೆ ಕೊಟ್ಟರು. ಇದು ಈ ಕೋಣೆ ದಾಟಬಾರದು ಅನ್ನುವ ನಿಯಮ ನೆನಪಿದೆಯಲ್ಲ ಎಂದೂ ಅಂದರು. ತರಬೇತಿ ಮುಗಿದ ದಿನ ಎಲ್ಲ ವರದಿಗಳನ್ನೂ ಹರಿದು ಹಾಕಬೇಕಿತ್ತು. ರೋಗಿ ಹೇಳಿದ್ದು ರೋಗಿಯದು, ನಮ್ಮದಲ್ಲ.

ಬಸ್ಸಿನಲ್ಲಿ ಕಮಲಾಪುರದವರೆಗೂ ಅದನ್ನೇ ಯೋಚಿಸಿದೆ. ಎಷ್ಟೋ ವರ್ಷ ಆ ಕೂಗಿನ ಮೇಲೆ ಶುಭ ಶುಕ್ರವಾರ ಪ್ರಸಂಗ ಮಾಡಿದ್ದೇನೆ. ಅದನ್ನು ಒಂದು ಮಾತಾಗಿ ಕೇಳಿದ್ದೆನೇ ಹೊರತು, ಯಾರೋ ಒಬ್ಬರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಾತಾಗಿ ಎಂದೂ ಕೇಳಿರಲಿಲ್ಲ. ಕೈಬಿಟ್ಟ ಹಾಗಾದವನೇ ದೇವರ ಮಗ ಎಂದು ವಾರವಾರ ಸಾರುವ ನಾನು, ಅದೇ ಮಾತನ್ನು ಒಬ್ಬ ಮುದುಕಿ ಅಂದಾಗ ಸೈತಾನ ಎಂದುಬಿಟ್ಟಿದ್ದೆ.

ಭಾನುವಾರ ಪ್ರಸಂಗದ ಮೊದಲು ಪೀಠದಿಂದ ಕೆಳಗಿಳಿದು ನಿಂತು ಹೇಳಿದೆ. ಆಯಿಯ ಮಣ್ಣಿನ ದಿನ ನಾನು ಹೇಳಿದ ಆಮೆನ್ ಆಯಿ ಹೇಳಿದ್ದಲ್ಲ, ಅದು ನನ್ನದು. ಅವರು ನನಗೆ ಬೇರೆ ಮಾತು ಹೇಳಿದರು. ಅದು ಅವರ ಮಾತು, ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಸುಳ್ಳು ಮಾತ್ರ ನನ್ನದು, ಅದಕ್ಕೆ ಕ್ಷಮೆ ಕೇಳುತ್ತೇನೆ. ಐದು ನಿಮಿಷವೂ ಆಗಲಿಲ್ಲ. ಯಾರೂ ಅಳಲಿಲ್ಲ. ಹಿರಿಯರೊಬ್ಬರು, ಮುಚ್ಚಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆಯೇ ಗೊಣಗಿದರು. ಆಯಿಯ ಮಗ ಆರಾಧನೆ ಮುಗಿಯುವ ತನಕ ಕೂತಿದ್ದು, ಹೊರಗೆ ಹೋಗಿ, ಫ್ಲೆಕ್ಸಿನ ಹಗ್ಗ ಬಿಚ್ಚಿ ಮಡಚಿಕೊಂಡು ನನ್ನ ಹತ್ತಿರ ಬಂದ. ಅವನ ಮುಖ ಬಾಡಿತ್ತು.

“ನಮ್ಮವ್ವ ಕಡೀಕ ಏನಂದಳು ಅಂತ ನನಗ ಹೇಳಬ್ಯಾಡ್ರಿ. ನಾ ಕೇಳಂಗಿಲ್ಲ. ನೀವು ಹೇಳಿದ್ದ ಮಾತಿನ ಮ್ಯಾಲ ನಾ ಒಂದು ತಿಂಗಳು ಮಲಗೀನಿ.”

ಅಷ್ಟು ಹೇಳಿ ಹೋದ. ಈಗಲೂ ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಾನೆ, ನಿಲ್ಲುವುದಿಲ್ಲ. ಅವನಿಂದ ನಾನು ಕಸಿದದ್ದು ಏನು ಎಂದು ನನಗೆ ಗೊತ್ತಿದೆ. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ, ನನಗಂತೂ ಆಗಲಿಲ್ಲ.

ಹೊಲಿಗೆಯ ಅಕ್ಕ ಆ ಭಾನುವಾರ ಬಂದಿರಲಿಲ್ಲ. ಯಾರ ಬಾಯಿಂದಲೋ ಸುದ್ದಿ ಕೇಳಿ ಸೋಮವಾರ ಮಧ್ಯಾಹ್ನ ಚರ್ಚಿನ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ಆಯಿ ಆಮೆನ್ ಅನ್ನಲಿಲ್ಲ ಅನ್ನುವುದು ಖರೆಯೇ ಎಂದು ಕೇಳಿದಳು. ಖರೆ ಎಂದೆ. ಹಾಗಾದರೆ ಏನಂದಳು ಎಂದು ಕೇಳಿದಳು.

ಒಬ್ಬ ಮಗ ಕೇಳುವುದಿಲ್ಲ ಎಂದು ಹೋಗಿದ್ದ. ರೋಗಿಯ ಮಾತು ಕೋಣೆ ದಾಟಬಾರದು ಅನ್ನುವ ನಿಯಮ ಸರಿಯಾದ ನಿಯಮ, ಇಂದಿಗೂ ನಾನು ಅದನ್ನು ಇತರರಿಗೆ ಹೇಳಿಕೊಡುತ್ತೇನೆ. ಆದರೆ ನಲವತ್ತು ವರ್ಷ ಊರವರ ಕಷ್ಟಕ್ಕೆ ಓಡಾಡಿದ ಆಯಿ ಈ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಹೇಳುತ್ತಿದ್ದರೇ? ಹೇಳುತ್ತಿರಲಿಲ್ಲ ಅನ್ನಿಸಿತು. ಅನ್ನಿಸಿದ್ದು ತಪ್ಪೂ ಇರಬಹುದು. ಒಳಗೆ ಹೋಗಿ ವರದಿಯ ಎರಡು ಹಾಳೆ ತಂದೆ. ಈ ತಪ್ಪನ್ನು ಆಮೇಲೆ ನಾನೇ ಮೇಡಂಗೆ ಹೇಳಿದೆ. ಅದಕ್ಕಾಗಿ ಇಡೀ ತರಬೇತಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು, ಅದು ನ್ಯಾಯವೇ.

ನಾನೇ ಹೇಳಿದರೆ ಮತ್ತೆ ಪ್ರಸಂಗವಾದೀತು ಎಂಬ ಭಯವಿತ್ತು. ಅದಕ್ಕೆ ತರಗತಿಯ ಪದ್ಧತಿಯನ್ನೇ ಹಿಡಿದೆ. ಪಾ ಎಂದಿರುವಲ್ಲಿ ನಾನು ಓದುತ್ತೇನೆ, ರೋ ಎಂದಿರುವಲ್ಲಿ ನೀವು ಓದಿ ಎಂದೆ. ಅವಳು ಕನ್ನಡಕ ಏರಿಸಿಕೊಂಡಳು. ಪ್ರಾರ್ಥನೆ ಬೇಡ ಅನ್ನುವುದನ್ನು ಓದಿ ಒಮ್ಮೆ ನನ್ನ ಮುಖ ನೋಡಿದಳು. ಮುಂದಿನ ಸಾಲಿನಲ್ಲಿ, ಅಲ್ಲಿ ಯಾರೂ ಕೇಳಾಕತ್ತಿಲ್ಲ ಎಂದು ಓದುವಾಗ ಅವಳ ದನಿ ಓದುವ ದನಿಯಾಗಿ ಉಳಿಯಲಿಲ್ಲ. ಅದು ಆಯಿಯ ಮಾತೋ ಅವಳದೋ ನನಗೆ ಗುರುತು ಸಿಗಲಿಲ್ಲ. ಗಂಟಿನ ಸಾಲನ್ನು ಅವಳು ಓದಲಿಲ್ಲ, ಬೆರಳಿಟ್ಟುಕೊಂಡು ಕೂತಳು. ನನ್ನ ಪಾಲಿನ ಸೈತಾನನ ಮಾತನ್ನು ನಾನು ಓದಿದೆ. ಆಯಿ ಕೈ ತೆಗೆದಿಟ್ಟದ್ದನ್ನು, ಗೋಡೆಯ ಕಡೆ ಹೊರಳಿದ್ದನ್ನು, ಆಮೇಲೂ ನಾನು ನಿಲ್ಲಿಸದೇ ಇದ್ದದ್ದನ್ನು ಓದಿದೆ.

ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದಳು. ಹೆದರಿದ್ದೆ ಎಂದೆ. ಅವಳು ತಲೆ ಆಡಿಸಿದಳು, ಅದು ಅವಳಿಗೆ ಅರ್ಥವಾಗುವ ಮಾತೇ ಅನ್ನುವ ಹಾಗೆ.

ಹಾಳೆಯನ್ನು ನನ್ನ ಕೈಗೆ ಕೊಟ್ಟು ಅವಳು ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು. ಮಗಳು ಹೋದ ಮೇಲೆ ಆಯಿ ಪ್ರತಿ ಶುಕ್ರವಾರ, ಹೆಂಗಸರ ಪ್ರಾರ್ಥನೆ ಮುಗಿಸಿಕೊಂಡು, ಅವಳ ಅಂಗಡಿಗೆ ಬರುತ್ತಿದ್ದರಂತೆ. ಬಂದು ಮಷೀನಿನ ಪಕ್ಕ ಕೂತು, ಹೊಲಿದಿಟ್ಟ ಜಂಪರುಗಳಿಗೆ ಒಂದೊಂದಾಗಿ ಹುಕ್ಕು ಹಚ್ಚುತ್ತಿದ್ದರಂತೆ. ಪ್ರಾರ್ಥನೆ ಮಾಡುತ್ತಿರಲಿಲ್ಲ, ವಾಕ್ಯ ಹೇಳುತ್ತಿರಲಿಲ್ಲ, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿದ್ದರಂತೆ. ಊರೆಲ್ಲರ ಸಲುವಾಗಿ ಪ್ರಾರ್ಥಿಸುವ ಆಯಿ ತನ್ನ ಹತ್ತಿರ ಮಾತ್ರ ಬಾಯಿ ಬಿಡುವುದಿಲ್ಲ, ತಾನು ಪ್ರಾರ್ಥನೆಗೂ ಯೋಗ್ಯಳಲ್ಲ ಎಂದು ಇವಳು ತಿಳಿದಿದ್ದಳು. ಎರಡು ವರ್ಷ ಹಾಗೇ ತಿಳಿದಿದ್ದಳು.

“ಆಕಿ ನನ್ನ ಸಲುವಾಗಿ ಬರ್ತಿದ್ದಿಲ್ರಿ,” ಎಂದಳು. “ತನ್ನ ಸಲುವಾಗಿ ಬರ್ತಿದ್ದಳು. ನನ್ನ ಅಂಗಡ್ಯಾಗ ಮಾತ್ರ ಆಕಿಗೆ ಪ್ರಾರ್ಥನಿ ಮಾಡಬೇಕಾಗ್ತಿದ್ದಿಲ್ಲ.”

ಆಗ ಅತ್ತಳು. ಮಗಳ ಮಣ್ಣಿನಲ್ಲೂ ಅವಳು ಹೀಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಬಾಜೂಕ ಕೂತಿದ್ದಳಲ್ಲ, ಒಂದು ಸಲವೂ ನಾನು ಅವಳನ್ನು ಕೇಳಲಿಲ್ಲವಲ್ಲ ಎಂದು ಮತ್ತೆ ಮತ್ತೆ ಅಂದಳು. ನನಗೆ ಪ್ರಾರ್ಥನೆ ಬಾಯಿಗೆ ಬಂದುಬಿಟ್ಟಿತ್ತು, ರೂಢಿ ನೋಡಿ. ಹಲ್ಲು ಕಚ್ಚಿ ತಡೆದೆ. ಹೆಂಡತಿ ಬಂದು ಅವಳ ಪಕ್ಕ ಕೂತಳು.

ಏಳುವಾಗ ರಿಜಿಸ್ಟರಿನಲ್ಲಿ ಹೆಸರು ಇರಲಿ ಬಿಡಿ ಎಂದಳು. ಭಾನುವಾರ ಬರುತ್ತೇನೆ, ಆದರೆ ಪ್ರಾರ್ಥನೆಗೆ ಎದ್ದು ನಿಲ್ಲು ಎಂದು ಯಾರೂ ಹೇಳಬಾರದು ಎಂದಳು. ಯಾರೂ ಹೇಳುವುದಿಲ್ಲ ಎಂದೆ. ಚಪ್ಪಲಿ ಮೆಟ್ಟಲು ಹೊರಟವಳನ್ನು, ಏನು ಕೇಳಬೇಕೆಂದು ಸರಿಯಾಗಿ ಗೊತ್ತಿಲ್ಲದೆಯೇ, ತಡೆದೆ.

“ಅಕ್ಕಾ, ನಿಮಗ ಯಾವಾಗಿಂದ ಹಿಂಗಾಗ್ಯಾದ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಆಮೇಲೆ ಒಳಗೆ ಬಂದು ಕೂತು, ಮಗಳ ಜ್ವರದ ಮೂರನೆಯ ದಿನದಿಂದ ಹೇಳತೊಡಗಿದಳು. ಕೇಳುತ್ತ ಕೂತೆ. ಸಂಜೆಯಾಯಿತು, ಅವಳ ಮಾತು ಮುಗಿದಿರಲಿಲ್ಲ. ಈ ಒಂದು ಪ್ರಶ್ನೆಯನ್ನು ಆಯಿಗೆ ಕೇಳಲು ಆಸ್ಪತ್ರೆಯಲ್ಲಿ ನನಗೆ ಇಡೀ ಮಧ್ಯಾಹ್ನ ಇತ್ತು.